ಫೋನಿನಲ್ಲಿದ್ದ ಸಾಕ್ಷಿ ಕೋರ್ಟ್ ಮುಟ್ಟುವ ಮುನ್ನ

"ಒರಿಜಿನಲ್ ಫೋನ್ ಎಲ್ಲುಂಟು?"

ಪುತ್ತೂರಿನಲ್ಲಿ ವಕೀಲರು ಕೇಳಿದ ಈ ಪ್ರಶ್ನೆಗೆ ಅಪ್ಪ ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಯಾಕೆಂದರೆ ಆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಎಕ್ಸ್‌ಚೇಂಜ್ ಆಫರ್‌ನಲ್ಲಿ ಅಂಗಡಿಗೆ ಕೊಟ್ಟು ಬಂದವನು ನಾನೇ. ಬಿ.ಇ. ಓದುವ ಮಗ ಮನೆಯಲ್ಲಿರುವಾಗ ಇಂಥ ಕೆಲಸಕ್ಕೆ ಬೇರೆ ಯಾರನ್ನು ಕರೆಯುತ್ತಾರೆ?

ವಿಷಯ ಇಷ್ಟೇ. ಉಪ್ಪಿನಂಗಡಿಯಿಂದ ಸ್ವಲ್ಪ ಒಳಗೆ ನಮ್ಮ ಅಡಿಕೆ ತೋಟ ಇದೆ. ಒಂದು ವರ್ಷ ಅಪ್ಪ ಕೆ.ಜಿ.ಗೆ ಹತ್ತು ರೂಪಾಯಿ ಹೆಚ್ಚು ಸಿಗುತ್ತದೆಂದು ನಾಲ್ಕು ಕ್ವಿಂಟಲ್ ಅಡಿಕೆಯನ್ನು ಪರಿಚಯದ ವ್ಯಾಪಾರಿಯೊಬ್ಬರಿಗೆ ಕೊಟ್ಟರು. ಒಟ್ಟು 1,80,000 ರೂಪಾಯಿ. ಸಿಕ್ಕಿದ್ದು ಸಹಿ ಇಲ್ಲದ ಒಂದು ತೂಕದ ಚೀಟಿ ಮಾತ್ರ. ಹಣ ಕೇಳಿದಾಗಲೆಲ್ಲ ಅವರು ವಾಟ್ಸ್‌ಆ್ಯಪ್‌ನಲ್ಲಿ ತುಳುವಿನಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದರು. ಒಂದರಲ್ಲಂತೂ ಬಾಕಿ ಎಷ್ಟು, ಯಾವಾಗ ಕೊಡುತ್ತೇನೆ ಎಂಬುದನ್ನು ಸ್ಪಷ್ಟವಾಗಿಯೇ ಹೇಳಿದ್ದರು. "ಅವರ ಸ್ವರವೇ ಉಂಟಲ್ಲ, ಇನ್ನೆಂತ ಬೇಕು?" ಎಂದು ಅಪ್ಪ ಧೈರ್ಯದಲ್ಲಿದ್ದರು.

ಅಷ್ಟರಲ್ಲಿ ಅಪ್ಪನ ಫೋನಿನ ಸ್ಟೋರೇಜ್ ತುಂಬಿತು. ಹೊಸ ಫೋನ್ ತಂದೆವು. ನಾನು ಫೋಟೋ, ನಂಬರ್‌ಗಳನ್ನು ಹೊಸದಕ್ಕೆ ಹಾಕಿದೆ. ವಾಟ್ಸ್‌ಆ್ಯಪ್ ತೆರೆದರೆ ಸಾವಿರಾರು 'ಶುಭೋದಯ' ಚಿತ್ರಗಳು. ಇದರ ಬ್ಯಾಕಪ್ ಯಾಕೆ ಎಂದು ಬಿಟ್ಟೆ. ನಾಲ್ಕು ತಿಂಗಳ ನಂತರ ವ್ಯಾಪಾರಿ ಮಾತು ಬದಲಿಸಿದರು. ಹಣ ಪೂರ್ತಿ ಕೊಟ್ಟಾಗಿದೆ ಎಂದರು. ನಮ್ಮ ಹತ್ತಿರ ಉಳಿದಿದ್ದು ಅಪ್ಪ ಹಿಂದೊಮ್ಮೆ ಮಾವನಿಗೆ ಫಾರ್ವರ್ಡ್ ಮಾಡಿದ್ದ ಒಂದು ಧ್ವನಿ ಸಂದೇಶ ಮಾತ್ರ. ಅದರಲ್ಲಿ ಸ್ವರ ಇದೆ. ಆದರೆ ಯಾವ ನಂಬರಿನಿಂದ ಬಂತು, ಮೊದಲು ಯಾವ ದಿನ ಬಂತು ಎಂಬುದು ಇಲ್ಲ. ಕೊನೆಗೆ ಊರಿನ ಹಿರಿಯರು ಕೂತು 1,10,000 ರೂಪಾಯಿಗೆ ರಾಜಿ ಮಾಡಿಸಿದರು. ಹೋದ 70,000 ನನ್ನ ಒಂದು ವರ್ಷದ ಕಾಲೇಜು ಫೀಸಿಗೆ ಹತ್ತಿರದ ಮೊತ್ತ.

ಆ ದಿನದಿಂದ ನಾನು ಪಠ್ಯದಲ್ಲಿಲ್ಲದ ಒಂದು ವಿಷಯವನ್ನು ಓದತೊಡಗಿದೆ: ಎಲೆಕ್ಟ್ರಾನಿಕ್ ಸಾಕ್ಷ್ಯ. ಓದಿದಷ್ಟೂ ಒಂದು ಮಾತು ಖಚಿತವಾಯಿತು. ಈ ಸಾಕ್ಷ್ಯ ಹೆಚ್ಚಾಗಿ ಸೋಲುವುದು ಕೋರ್ಟಿನಲ್ಲಿ ಅಲ್ಲ, ಕೋರ್ಟಿನ ಯೋಚನೆಯೇ ಬರುವ ಮೊದಲು, ನಮ್ಮ ಕೈಯಲ್ಲಿ.

ಕಾನೂನು ಏನು ಕೇಳುತ್ತದೆ?

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಜೊತೆಗೆ ಹಳೆಯ ಭಾರತೀಯ ಸಾಕ್ಷ್ಯ ಕಾಯ್ದೆಗೆ ಸೆಕ್ಷನ್ 65ಬಿ ಸೇರಿತು. ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನು ಕೋರ್ಟಿಗೆ ಕೊಡುವುದಾದರೆ ಅದು ಯಾವ ಸಾಧನದಿಂದ, ಹೇಗೆ ಬಂತು ಎಂಬ ಪ್ರಮಾಣಪತ್ರ ಬೇಕು ಎಂದು ಅದು ಹೇಳಿತು. ಇದು ಕಡ್ಡಾಯವೇ ಅಲ್ಲವೇ ಎಂಬ ಗೊಂದಲ ಮಾತ್ರ ಹಲವು ವರ್ಷ ನಡೆಯಿತು. 2005ರಲ್ಲಿ ಸಂಸತ್ ದಾಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಮಾಣಪತ್ರ ಇಲ್ಲದೆಯೂ ಆಗುತ್ತದೆ ಎಂದಿತ್ತು. 2014ರ ಸೆಪ್ಟೆಂಬರ್ 18ರಂದು ಅನ್ವರ್ ವಿರುದ್ಧ ಬಷೀರ್ ಪ್ರಕರಣದಲ್ಲಿ ಆ ನಿಲುವು ಬದಲಾಯಿತು. ಅದು ನೆರೆಯ ಕೇರಳದ ಏರನಾಡು ಕ್ಷೇತ್ರದ ಚುನಾವಣಾ ತಕರಾರು. ಪ್ರಚಾರದಲ್ಲಿ ಬಳಸಿದ ಹಾಡು, ಭಾಷಣಗಳನ್ನು ಮೊಬೈಲ್‌ನಲ್ಲಿ ದಾಖಲಿಸಿ, ಕಂಪ್ಯೂಟರಿಗೆ ಹಾಕಿ, ಸಿ.ಡಿ. ಮಾಡಿ ಕೋರ್ಟಿಗೆ ಕೊಟ್ಟಿದ್ದರು. ಪ್ರಮಾಣಪತ್ರ ಇಲ್ಲದ ಕಾರಣ ಆ ಸಿ.ಡಿ.ಗಳನ್ನು ಕೋರ್ಟ್ ಒಪ್ಪಲಿಲ್ಲ. ಪ್ರಚಾರಕ್ಕೆ ಬಳಸಿದ ಮೂಲ ಸಿ.ಡಿ.ಗಳನ್ನೇ ತಂದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಹೇಳಿತು. ಅಪ್ಪನಿಗೆ ವಕೀಲರು ಕೇಳಿದ್ದೂ ಇದೇ ಪ್ರಶ್ನೆ.

2020ರ ಜುಲೈ 14ರಂದು ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರಕ್ಕೆ ಸಂಬಂಧಿಸಿದ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ವಿಷಯ ಇತ್ಯರ್ಥ ಮಾಡಿತು. ಪ್ರತಿ ಕೊಡುವುದಾದರೆ ಪ್ರಮಾಣಪತ್ರ ಕಡ್ಡಾಯ. ಮೂಲ ಸಾಧನವನ್ನೇ ಅದರ ಮಾಲೀಕ ತಂದು, ಸಾಕ್ಷಿಕಟ್ಟೆ ಹತ್ತಿ, ಇದು ನನ್ನದು ಎಂದು ಹೇಳಿದರೆ ಪ್ರಮಾಣಪತ್ರ ಬೇಡ. ಬೇರೆಯವರ ಕೈಯಲ್ಲಿರುವ ಸಾಧನಕ್ಕೆ ಅವರು ಪ್ರಮಾಣಪತ್ರ ಕೊಡಲು ಒಪ್ಪದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಬಹುದು.

2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. 65ಬಿ ಇದ್ದ ಜಾಗದಲ್ಲಿ ಈಗ ಸೆಕ್ಷನ್ 63 ಇದೆ. ಪ್ರಮಾಣಪತ್ರದ ನಮೂನೆಯನ್ನು ಕಾಯ್ದೆಯ ಅನುಸೂಚಿಯಲ್ಲೇ ಅಚ್ಚು ಹಾಕಿದ್ದಾರೆ. ಅದರಲ್ಲಿ ಎರಡು ಭಾಗ. 'ಎ' ಭಾಗವನ್ನು ದಾಖಲೆ ಕೊಡುವವರು, 'ಬಿ' ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು.

ಹ್ಯಾಶ್ ಎಂದರೆ ಏನು, ಏನಲ್ಲ?

ಇದು ನನ್ನ ಓದಿಗೆ ಹತ್ತಿರದ ವಿಷಯ. ಒಂದು ಫೈಲನ್ನು ಲೆಕ್ಕದ ಒಂದು ಯಂತ್ರಕ್ಕೆ ಹಾಕಿದಂತೆ ಅಂದುಕೊಳ್ಳಿ. ಫೈಲ್ ಎಷ್ಟು ದೊಡ್ಡದಿದ್ದರೂ ಹೊರಗೆ ಬರುವುದು ನಿಗದಿತ ಉದ್ದದ ಅಕ್ಷರ-ಅಂಕಿಗಳ ಸಾಲು. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರಗಳು. ಕಾಲೇಜಿನ ಲ್ಯಾಬ್‌ನಲ್ಲಿ ನಾನು ಒಂದು ಬರಹದ ಫೈಲಿನ ಹ್ಯಾಶ್ ತೆಗೆದೆ. ಆಮೇಲೆ ಕೊನೆಯಲ್ಲಿ ಒಂದೇ ಒಂದು ಖಾಲಿ ಜಾಗ ಸೇರಿಸಿ ಮತ್ತೆ ತೆಗೆದೆ. ಎರಡು ಸಾಲುಗಳಿಗೂ ಸಂಬಂಧವೇ ಇರಲಿಲ್ಲ. ಹಾಗಾಗಿ ಇಂದು ತೆಗೆದ ಹ್ಯಾಶ್ ಎರಡು ವರ್ಷದ ನಂತರ ತೆಗೆದ ಹ್ಯಾಶ್‌ಗೆ ತಾಳೆಯಾದರೆ, ನಡುವೆ ಫೈಲನ್ನು ಯಾರೂ ತಿದ್ದಿಲ್ಲ ಎಂದು ಹೇಳಬಹುದು.

ಕಾಯ್ದೆಯ ನಮೂನೆಯಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಮೂರೂ ಇವೆ. ಇಲ್ಲಿ ಒಬ್ಬ ವಿದ್ಯಾರ್ಥಿಯಾಗಿ ನನ್ನದೊಂದು ತಕರಾರು. ಎರಡು ಬೇರೆ ಫೈಲ್‌ಗಳಿಗೆ ಒಂದೇ ಎಂಡಿ5 ಹ್ಯಾಶ್ ಬರುವಂತೆ ಮಾಡಬಹುದು ಎಂದು 2004ರಲ್ಲೇ ಸಂಶೋಧಕರು ತೋರಿಸಿದ್ದರು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಂನ ಸಂಶೋಧನಾ ಸಂಸ್ಥೆಯೊಂದು ಸೇರಿ ಎಸ್‌ಎಚ್‌ಎ-1ಕ್ಕೂ ಅದನ್ನೇ ಮಾಡಿ ತೋರಿಸಿದವು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಎಸ್‌ಎಚ್‌ಎ-256 ಅನ್ನೇ ಆರಿಸಿ.

ಅದಕ್ಕಿಂತ ಮುಖ್ಯವಾದ ಮಾತು ಬೇರೆ. ಹ್ಯಾಶ್ ಮಾತಾಡುವುದು ಅದನ್ನು ತೆಗೆದ ದಿನದಿಂದ ಮುಂದಕ್ಕೆ ಮಾತ್ರ. ಅದಕ್ಕೂ ಹಿಂದಿನ ಆರು ತಿಂಗಳಲ್ಲಿ ಫೈಲಿಗೆ ಏನಾಯಿತು, ಅದರಲ್ಲಿರುವ ಮಾತು ಸತ್ಯವೋ ಸುಳ್ಳೋ ಎಂಬುದು ಅದಕ್ಕೆ ಗೊತ್ತಿಲ್ಲ. ಮಾವನ ಫೋನಿನಲ್ಲಿದ್ದ ಫಾರ್ವರ್ಡ್ ಸಂದೇಶಕ್ಕೆ ನಾನು ಎಷ್ಟು ಹ್ಯಾಶ್ ತೆಗೆದರೂ, ಅಪ್ಪನ ಫೋನಿನಲ್ಲಿದ್ದ ತಾರೀಕು ಮರಳಿ ಬರುವುದಿಲ್ಲ.

ಬೆಂಗಳೂರಿನ ಪ್ರಕರಣ ಹೇಳುವ ಪಾಠ

ಈ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ನಮ್ಮ ರಾಜ್ಯದ್ದೇ ಒಂದು ದೊಡ್ಡ ಪ್ರಕರಣ ಓದಿದಾಗ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟ ನಡೆಯಿತು. ತನಿಖೆಯಲ್ಲಿ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಸಿ.ಡಿ., ಸಿಮ್ ಕಾರ್ಡ್, ಮೊಬೈಲ್‌ಗಳನ್ನು ವಶಪಡಿಸಿಕೊಂಡು ಹೈದರಾಬಾದಿನ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. 2010ರಲ್ಲಿ ವರದಿ ಬಂತು. ಆದರೆ ಅದರ ಜೊತೆ 65ಬಿ ಪ್ರಮಾಣಪತ್ರ ಇರಲಿಲ್ಲ. 2017ರಲ್ಲಿ ವಿಚಾರಣೆಯ ನಡುವೆ ಆಕ್ಷೇಪ ಬಂದ ಮೇಲೆ ಪ್ರಾಸಿಕ್ಯೂಷನ್ ಪ್ರಮಾಣಪತ್ರ ತರಿಸಿತು. ತಡವಾಯಿತು ಎಂದು ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ಕೊನೆಗೆ 2023ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ಕೊಟ್ಟಿತು. ವಿಚಾರಣೆ ಮುಗಿದಿಲ್ಲ, ಪ್ರಮಾಣಪತ್ರ ಎಂಬುದು ಹೊಸದಾಗಿ ಸೃಷ್ಟಿಸಿದ ಸಾಕ್ಷ್ಯವಲ್ಲ, ಕಾನೂನಿನ ಅಗತ್ಯವನ್ನು ಪೂರೈಸುವುದಷ್ಟೇ ಎಂಬುದು ಅದರ ನಿಲುವು.

ವರದಿ ಬಂದು 13 ವರ್ಷದ ನಂತರ! ಇದನ್ನು ಓದಿ ಮೊದಲು ನನಗೆ ವ್ಯವಸ್ಥೆಯ ನಿಧಾನದ ಮೇಲೆ ಸಿಟ್ಟು ಬಂತು. ಆಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಅಲ್ಲಿ ಪ್ರಮಾಣಪತ್ರ ತಡವಾಗಿ ಬಂದರೂ ನಡೆಯಿತು, ಯಾಕೆಂದರೆ ಸಾಧನಗಳನ್ನು ಆಗಲೇ ವಶಕ್ಕೆ ಪಡೆದು ಪರೀಕ್ಷೆ ಮಾಡಿಸಿದ್ದರು. ಕಾಗದ ತಡವಾಗಬಹುದು, ಮೂಲ ತಡವಾಗಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದು ಇದರ ತಿರುಗುಮುರುಗು. ಪ್ರಮಾಣಪತ್ರ ಬರೆಯಲು ನಾವು ತಯಾರಿದ್ದೆವು. ಯಾವುದರ ಬಗ್ಗೆ ಬರೆಯಬೇಕೋ ಅದೇ ಇರಲಿಲ್ಲ.

"ವಾಟ್ಸ್‌ಆ್ಯಪ್ ಕಂಪನಿಯಿಂದ ತರಿಸಬಹುದಲ್ಲ?" ಎಂದು ಅಪ್ಪ ಕೇಳಿದ್ದರು. ಆಗುವುದಿಲ್ಲ. ಸಂದೇಶ ತಲುಪಿದ ಮೇಲೆ ಕಂಪನಿಯ ಸರ್ವರ್‌ನಲ್ಲಿ ಅದು ಉಳಿಯುವುದಿಲ್ಲ. ಉಳಿಯುವುದು ಎರಡು ಕಡೆಯ ಫೋನ್‌ಗಳಲ್ಲಿ ಮತ್ತು ಬ್ಯಾಕಪ್ ಇದ್ದರೆ ಅದರಲ್ಲಿ.

ಎದುರಿನವರ ಫೋನಿನಲ್ಲಿ ಇದ್ದರೆ?

ಹಾಗಾದರೆ ಆ ಧ್ವನಿ ಸಂದೇಶಗಳ ಇನ್ನೊಂದು ಪ್ರತಿ ವ್ಯಾಪಾರಿಯ ಫೋನಿನಲ್ಲಿ ಇದ್ದಿರಬಹುದು. ಎದುರು ಪಕ್ಷದ ಹತ್ತಿರ ಇರುವ ದಾಖಲೆಯನ್ನು ಹೊರಗೆ ತರಿಸುವುದಕ್ಕೆ ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಲ್ಲಿ ದಾರಿ ಇದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ವಾಣಿಜ್ಯ ವ್ಯಾಜ್ಯಗಳಲ್ಲಿ ತಮಗೆ ಅನುಕೂಲವಾದುದು ಮಾತ್ರವಲ್ಲ, ಪ್ರತಿಕೂಲವಾದ ದಾಖಲೆಗಳನ್ನೂ ಪ್ರಮಾಣ ಮಾಡಿ ಕೋರ್ಟಿಗೆ ತಿಳಿಸಬೇಕು. ಎಲೆಕ್ಟ್ರಾನಿಕ್ ದಾಖಲೆಗಳಿಗೂ ಇದು ಅನ್ವಯ. ಆದರೆ ವ್ಯಾಜ್ಯದ ಮೌಲ್ಯ ಕನಿಷ್ಠ 3 ಲಕ್ಷ ರೂಪಾಯಿ ಇರಬೇಕು. ನಮ್ಮದು ಅದಕ್ಕಿಂತ ಕಡಿಮೆ. ಹಳ್ಳಿಯ ಎಷ್ಟೋ ಬಾಕಿ ತಕರಾರುಗಳು ಈ ಗೆರೆಯ ಕೆಳಗೇ ಉಳಿಯುತ್ತವೆ.

ಅಮೆರಿಕದಲ್ಲಿ ಇದರ ಬಗ್ಗೆ ಒಂದು ಹೆಸರಾಂತ ಪ್ರಕರಣವಿದೆ. ಲಾರಾ ಜುಬುಲೇಕ್ ಎಂಬ ಉದ್ಯೋಗಿ ತಾನು ಕೆಲಸ ಮಾಡುತ್ತಿದ್ದ ಯುಬಿಎಸ್ ಬ್ಯಾಂಕಿನ ವಿರುದ್ಧ ನ್ಯೂಯಾರ್ಕಿನಲ್ಲಿ ತಾರತಮ್ಯದ ದಾವೆ ಹೂಡಿದರು. ಬ್ಯಾಂಕಿನ ಕಡೆಯಲ್ಲಿ ಸಂಬಂಧಪಟ್ಟ ಕೆಲವು ಇಮೇಲ್‌ಗಳು ಅಳಿಸಿಹೋಗಿದ್ದವು. ವ್ಯಾಜ್ಯ ಬರಬಹುದು ಎಂದು ಅನ್ನಿಸಿದ ಕ್ಷಣದಿಂದಲೇ ದಾಖಲೆ ಉಳಿಸುವ ಹೊಣೆ ಶುರುವಾಗುತ್ತದೆ ಎಂದರು ನ್ಯಾಯಾಧೀಶೆ ಶಿರಾ ಶೈನ್‌ಡ್ಲಿನ್. ಕಾಣೆಯಾದ ಇಮೇಲ್ ಬ್ಯಾಂಕಿಗೆ ಪ್ರತಿಕೂಲವಾಗಿತ್ತು ಎಂದು ಊಹಿಸಲು ಜ್ಯೂರಿಗೆ ಅವಕಾಶ ಸಿಕ್ಕಿತು. 2005ರಲ್ಲಿ ತೀರ್ಪು ಆಕೆಯ ಪರವಾಗಿ ಬಂತು, ಪರಿಹಾರ ಸುಮಾರು 2.9 ಕೋಟಿ ಡಾಲರ್.

ನಮ್ಮ ಕಾನೂನಿನಲ್ಲೂ ಇದರ ಬೀಜ ಇದೆ. ತನ್ನ ಹತ್ತಿರ ಇರುವ ಸಾಕ್ಷ್ಯವನ್ನು ಯಾರಾದರೂ ಹಾಜರುಪಡಿಸದೆ ಹೋದರೆ, ಅದು ಅವರಿಗೆ ಪ್ರತಿಕೂಲವಾಗಿತ್ತು ಎಂದು ಕೋರ್ಟ್ ಊಹಿಸಬಹುದು ಎಂಬುದು ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸ ಅಧಿನಿಯಮದ ಸೆಕ್ಷನ್ 119ರಲ್ಲೂ ಇದೆ. ಆದರೆ 'ಬಹುದು' ಎಂಬ ಮಾತನ್ನು ನೆಚ್ಚಿಕೊಂಡು ಸಣ್ಣ ರೈತನೊಬ್ಬ ಎಷ್ಟು ವಾಯಿದೆಗಳಿಗೆ ಅಲೆದಾನು? ಹಣಕ್ಕಾಗಿ ಮೊದಲ ವಕೀಲ ನೋಟಿಸ್ ಕಳಿಸುವಾಗಲೇ "ಈ ವ್ಯವಹಾರದ ಸಂದೇಶಗಳನ್ನು ಅಳಿಸಬೇಡಿ" ಎಂಬ ಒಂದು ಸಾಲು ಸೇರಿಸುವುದು ರೂಢಿಯಾದರೆ, ಮುಂದೆ ಇಂಥ ಊಹೆಗೆ ಬಲ ಬರುತ್ತದೆ.

ತಜ್ಞರು ಯಾರು?

ಹೊಸ ಕಾಯ್ದೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 'ಬಿ' ಭಾಗ. ಅಲ್ಲಿ ತಜ್ಞರ ಸಹಿ ಬೇಕು. ಆದರೆ ತಜ್ಞರೆಂದರೆ ಯಾರು ಎಂದು ಸೆಕ್ಷನ್ 63 ಬಿಡಿಸಿ ಹೇಳುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿ ಗುರುತಿಸಿದ ಪರೀಕ್ಷಕರೇ? ಕಂಪ್ಯೂಟರ್ ಸೈನ್ಸ್ ಕಲಿಸುವ ಉಪನ್ಯಾಸಕರೇ? ಮೊಬೈಲ್ ರಿಪೇರಿ ಅಂಗಡಿಯವರಂತೂ ಅಲ್ಲ. ಪೊಲೀಸರಿಗೆ ವಿಧಿವಿಜ್ಞಾನ ಪ್ರಯೋಗಾಲಯಗಳಿವೆ. ಶೋಧ ಮತ್ತು ವಶಪಡಿಸಿಕೊಳ್ಳುವುದನ್ನು ವಿಡಿಯೊ ಮಾಡಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105 ಹೇಳುತ್ತದೆ, ಅದಕ್ಕೆ 'ಇ-ಸಾಕ್ಷ್ಯ' ಆ್ಯಪ್ ಕೂಡ ಬಂದಿದೆ. ಆದರೆ ಅಡಿಕೆ ಬಾಕಿ, ಬಾಡಿಗೆ ತಕರಾರು, ಗಡಿ ಬೇಲಿಯ ಜಗಳ ಹಿಡಿದು ಬರುವ ಸಾಮಾನ್ಯರಿಗೆ ಉಪ್ಪಿನಂಗಡಿಯಲ್ಲಿ, ಕಡಬದಲ್ಲಿ, ಸುಳ್ಯದಲ್ಲಿ 'ಬಿ' ಭಾಗ ತುಂಬಿ ಕೊಡುವವರು ಯಾರು? ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ ಅರೆಭಾಷೆಯಲ್ಲೋ ಇರುತ್ತದೆ. ಧ್ವನಿ ಸಂದೇಶವನ್ನು ಅಕ್ಷರಕ್ಕಿಳಿಸಿ, ಅನುವಾದ ಮಾಡಿ ಕೊಡಬೇಕು. ಪ್ರಮಾಣಪತ್ರದ ಖರ್ಚಿನ ಮೇಲೆ ಇದೂ ಒಂದು ಖರ್ಚು.

ಇದಕ್ಕೆ ಪರಿಹಾರ ಅಸಾಧ್ಯವಾದುದಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಈಗಾಗಲೇ ಇವೆ. ಅಲ್ಲಿ ಇಂಥ ಪ್ರಮಾಣಪತ್ರ ಕೊಡಬಲ್ಲ ಅರ್ಹರ ಪಟ್ಟಿಯೊಂದು, ನಿಗದಿತ ಶುಲ್ಕದೊಂದಿಗೆ ಇದ್ದರೆ ಸಾಕು. ತಜ್ಞರ ಅರ್ಹತೆ ಏನು ಎಂಬುದನ್ನು ಸರ್ಕಾರ ನಿಯಮ ಮಾಡಿ ಸ್ಪಷ್ಟಪಡಿಸಬೇಕು. ಇಲ್ಲದಿದ್ದರೆ ಸಾಕ್ಷ್ಯವನ್ನು ಗಟ್ಟಿ ಮಾಡಲು ತಂದ ನಿಯಮವೇ ಬಡವರ ಸಾಕ್ಷ್ಯಕ್ಕೆ ಬಾಗಿಲು ಹಾಕುತ್ತದೆ.

ಫೋನ್ ಕೊಟ್ಟರೆ ಮನೆಯ ಗುಟ್ಟು?

ಅಮ್ಮನ ಚಿಂತೆ ಬೇರೆಯೇ ಇತ್ತು. "ಫೋನ್ ಕೋರ್ಟಿಗೆ ಕೊಟ್ಟರೆ ಮನೆಯ ಫೋಟೋ ಎಲ್ಲ ಅವರಿಗೆ ಕಾಣುವುದಿಲ್ವಾ?" ಇದು ತಳ್ಳಿಹಾಕುವ ಪ್ರಶ್ನೆಯಲ್ಲ. 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದರ ಬಗ್ಗೆ ವಿವರವಾಗಿ ಬರೆಯಿತು. ತನಿಖೆಯಲ್ಲಿ ಸ್ಮಾರ್ಟ್‌ಫೋನ್ ವಶಕ್ಕೆ ಪಡೆಯುವಾಗ ಏನು ಮಾಡಬೇಕು, ಏನು ಮಾಡಬಾರದು ಎಂಬ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿರುವ ಖಾಸಗಿ ಮಾಹಿತಿಯನ್ನು ಕಾಪಾಡುವ ಹೊಣೆ ತನಿಖಾಧಿಕಾರಿಯದು, ಅದು ಹೊರಗೆ ಹೋದರೆ ಅವರ ಮೇಲೆ ಕ್ರಮ ಎಂದೂ ಹೇಳಿತು. ಅದು ಕ್ರಿಮಿನಲ್ ತನಿಖೆಯ ಮಾತು. ಸಿವಿಲ್ ತಕರಾರಿನಲ್ಲಿ ಸಂಬಂಧಪಟ್ಟ ಸಂದೇಶಗಳನ್ನಷ್ಟೇ ಪ್ರತಿ ತೆಗೆದು ಪ್ರಮಾಣಪತ್ರದೊಂದಿಗೆ ಕೊಡುವ ದಾರಿ ಇದೆ. ಗುಟ್ಟು ಉಳಿಯಬೇಕು ಎನ್ನುವವರಿಗೂ ಹ್ಯಾಶ್, ಪ್ರಮಾಣಪತ್ರಗಳೇ ಉಪಕಾರಿ.

ನಾವು ಮಾಡಬಹುದಾದದ್ದು

ವಕೀಲರು ಹೇಳಿದ್ದು, ನಾನು ಓದಿ ತಿಳಿದದ್ದು ಸೇರಿಸಿ ಕೆಲವು ಮಾತು:

* ಹಣದ ವ್ಯವಹಾರ ಇತ್ಯರ್ಥ ಆಗುವವರೆಗೆ ಆ ಸಂದೇಶಗಳಿದ್ದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಎಕ್ಸ್‌ಚೇಂಜ್‌ನಲ್ಲಿ ಸಿಗುವ ಒಂದೆರಡು ಸಾವಿರಕ್ಕಿಂತ ಅದರ ಬೆಲೆ ಹೆಚ್ಚಿರಬಹುದು.
* ಸ್ಕ್ರೀನ್‌ಶಾಟ್ ಮೂಲವಲ್ಲ, ಅದು ಹೊಸ ಚಿತ್ರ. ತೆಗೆದಿಡಿ, ಆದರೆ ಅದನ್ನು ನಂಬಿ ಮೂಲ ಸಂದೇಶ ಅಳಿಸಬೇಡಿ. 'ತಾನಾಗಿ ಅಳಿಯುವ ಸಂದೇಶ' ಆಯ್ಕೆ ಚಾಲೂ ಇದೆಯೇ ಎಂದು ನೋಡಿ.
* ಫೋಟೋ, ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಅಂದರೆ ಫೈಲೇ ಬದಲಾಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.
* ಅಂಗಡಿಯ ಸಿ.ಸಿ. ಟಿ.ವಿ. ಯಂತ್ರದಲ್ಲಿ ಜಾಗ ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತದೆ. ಹೆದ್ದಾರಿಯಲ್ಲಿ ಅಪಘಾತವಾದರೆ ಅದೇ ವಾರ ಲಿಖಿತವಾಗಿ ಕೇಳಿ. ಟಿ.ವಿ. ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿದ್ದು ಸಾಲದು.
* ಮೂಲ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಹ್ಯಾಶ್ ತೆಗೆದು, ತಾರೀಕು ಸಹಿತ ಒಂದು ಕಾಗದದಲ್ಲಿ ಬರೆದಿಡಿ. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಇದಕ್ಕೆ ಬೇಕಾದ ಆದೇಶ ಮೊದಲೇ ಇರುತ್ತದೆ, ಹಣ ಕೊಟ್ಟು ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಿಲ್ಲ.

ಮತ್ತು ಎಲ್ಲಕ್ಕಿಂತ ಮೊದಲು, ತೂಕದ ಚೀಟಿಗೆ ಒಂದು ಸಹಿ ಹಾಕಿಸಿಕೊಳ್ಳಿ. ಇಷ್ಟೆಲ್ಲ ತಂತ್ರಜ್ಞಾನ ಓದಿದ ಮೇಲೂ ನನಗೆ ಉಳಿದ ಮೊದಲ ಪಾಠ ಅದೇ.

ಅಪ್ಪ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಈಗ ಫೋನಿನಲ್ಲಿ ಜಾಗ ಇಲ್ಲ ಎಂದು ಬಂದಾಗಲೆಲ್ಲ "ಇದು ಅಳಿಸಬಹುದಾ?" ಎಂದು ಕೇಳುತ್ತಾರೆ, ಅಷ್ಟೇ. ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚು ನಾಟುತ್ತದೆ. ಗೆಳೆಯರೇ, ನಮ್ಮ ಮನೆಗಳಲ್ಲಿ ಹೊಸ ಫೋನ್ ಬಂದಾಗ ಹಳೆಯದನ್ನು ಖಾಲಿ ಮಾಡುವವರು ಹೆಚ್ಚಾಗಿ ನಾವೇ. ಮುಂದಿನ ಸಲ ರೀಸೆಟ್ ಗುಂಡಿ ಒತ್ತುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಒಂದು ಮಾತು ಕೇಳಿ: "ಇದರಲ್ಲಿ ಯಾರದ್ದಾದರೂ ಬಾಕಿ ಲೆಕ್ಕ ಉಂಟಾ?"